ಉದ್ದ ಇದ್ದಾಳೆ, ಆದರೆ ಅಷ್ಟೇ ಅಲ್ಲ

ಅಡುಗೆಮನೆಗೂ ಬ್ಯಾಸ್ಕೆಟ್‌ಬಾಲ್ ಆಟಕ್ಕೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ನಂಟು ಬೇರೇನೂ ಅಲ್ಲ, ಗಡಿಯಾರದ್ದು. ಚಳಿಗಾಲದಲ್ಲಿ ನ್ಯೂಯಾರ್ಕಿನಲ್ಲಿ ಸಂಜೆ ಏಳಕ್ಕೆ ಆಟ ಶುರುವಾದರೆ ನಮ್ಮಲ್ಲಿ ಮಾರನೆಯ ದಿನ ಬೆಳಗಿನ ಐದೂವರೆ. ಲಾಸ್ ಏಂಜಲೀಸಿನಲ್ಲಿ ಏಳೂವರೆಗೆ ಶುರುವಾದರೆ ನಮಗೆ ಒಂಬತ್ತು ಗಂಟೆ. ಅಂದರೆ ಹಾಲು ಕಾಯಿಸುವುದರಿಂದ ಹಿಡಿದು ಎಲ್ಲರ ಡಬ್ಬಿ ಕಟ್ಟಿ ಮನೆಯಿಂದ ಹೊರಡಿಸುವ ತನಕ ನನಗೆ ಜೊತೆಗಿರುವುದು ಈ ಆಟವೇ. ಬೇರೆಯವರ ಮನೆಯಲ್ಲಿ ಬೆಳಿಗ್ಗೆ ಸುಪ್ರಭಾತ ಕೇಳಿಸಿದರೆ ನಮ್ಮ ಮನೆಯಲ್ಲಿ ಸುಪ್ರಭಾತದ ಹಿಂದೆಯೇ ಚೆಂಡು ನೆಲಕ್ಕೆ ಬಡಿಯುವ ಸದ್ದು. "ಒಗ್ಗರಣೆ ಸೀಯ್ತಾ ಇದೆ ಕಣೇ" ಎಂದು ನಮ್ಮವರು ಪೇಪರಿನ ಹಿಂದಿನಿಂದ ಕೂಗಿ ಹೇಳುವುದೂ ನಿತ್ಯದ ಕಥೆ.

ಇಷ್ಟು ವರ್ಷ ಈ ಹುಚ್ಚನ್ನು ನಾನು ಈ ಪುಟದೊಳಕ್ಕೆ ತಂದಿರಲಿಲ್ಲ. ಈಗ ತರುವಂತೆ ಮಾಡಿದ್ದು ಒಂದು ಪತ್ರ. ಹಾಸನ ಜಿಲ್ಲೆಯ ಒಬ್ಬ ತಾಯಿ ಬರೆದಿದ್ದಾರೆ. ಮಗಳು ಒಂಬತ್ತನೇ ತರಗತಿ. ಆಗಲೇ ಐದು ಅಡಿ ಒಂಬತ್ತು ಅಂಗುಲ. ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡುತ್ತಾಳಂತೆ, ಜಿಲ್ಲಾ ಮಟ್ಟದ ತನಕ ಹೋಗಿ ಬಂದಿದ್ದಾಳಂತೆ. ಮನೆಯಲ್ಲಿ ಅಜ್ಜಿಗೆ ಒಂದೇ ಚಿಂತೆ: "ಇನ್ನೂ ಎಗರಿ ಎಗರಿ ಇಷ್ಟುದ್ದ ಆದರೆ ಗಂಡು ಎಲ್ಲಿಂದ ತರೋದು?" ತಂದೆಯವರ ಮಾತು, ಬರುವ ವರ್ಷ ಎಸ್ಸೆಸ್ಸೆಲ್ಸಿ, ಆಟ ಸಾಕು. ಹುಡುಗಿ ಈಗ ಬೆನ್ನು ಬಗ್ಗಿಸಿ ನಡೆಯುತ್ತಾಳಂತೆ, ಗೆಳತಿಯರ ಸಮಕ್ಕೆ ಕಾಣಲಿ ಅಂತ. ಪತ್ರದ ಕೊನೆಯ ಸಾಲು ನನ್ನನ್ನು ಬಹಳ ಕಾಡಿತು. "ಎತ್ತರ ಒಂದನ್ನು ಬಿಟ್ಟರೆ ಅವಳಲ್ಲಿ ಅಂಥ ಪ್ರತಿಭೆ ಏನಿದೆ ಅಂತ ಮನೆಯವರು ಕೇಳುತ್ತಾರೆ. ನನಗೆ ಉತ್ತರ ಹೇಳಲು ಬರುವುದಿಲ್ಲ."

ತಾಯಿ, ಆ ಉತ್ತರವನ್ನು ಹುಡುಕೋಣ. ನಾನು ಆಟ ಆಡಿದವಳಲ್ಲ, ಬರೀ ನೋಡಿದವಳು. ಆದರೆ ನೋಡಿ ನೋಡಿ ಕಣ್ಣಿಗೂ ಒಂದಿಷ್ಟು ಪಾಠವಾಗುತ್ತದೆ, ಅಲ್ಲವೇ?

ಮೊದಲು ಈ ಆಟ ಹುಟ್ಟಿದ ಬಗೆ ಕೇಳಿ. 1891ರ ಡಿಸೆಂಬರ್. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರು. ಹೊರಗೆ ಚಳಿ, ಒಳಗೆ ಪುಂಡ ಹುಡುಗರು. ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರಿಗೆ ಇವರನ್ನು ಮೈ ಮುರಿದುಕೊಳ್ಳದ ಹಾಗೆ ಆಡಿಸುವ ಕೆಲಸ ಬಿತ್ತು. ಗೋಲು ನೆಲದ ಮೇಲಿದ್ದರೆ ಜೋರಾಗಿ ಹೊಡೆದವನೇ ಗೆಲ್ಲುತ್ತಾನೆ, ಅಡ್ಡ ಬಂದವರಿಗೆ ಪೆಟ್ಟಾಗುತ್ತದೆ. ಹಾಗಾದರೆ ಗೋಲನ್ನು ತಲೆಯ ಮೇಲೆ ಇಟ್ಟುಬಿಟ್ಟರೆ? ಆಗ ಚೆಂಡನ್ನು ಬಿರುಸಾಗಿ ಹೊಡೆದು ಫಲವಿಲ್ಲ, ಮೆತ್ತಗೆ ಮೇಲಕ್ಕೆ ಕಳಿಸಬೇಕು. ಜಿಮ್ನಾಸ್ಟಿಕ್ ಶಾಲೆಯ ಮೇಲಂತಸ್ತಿನ ಕಟಕಟೆಗೆ ಪೀಚ್ ಹಣ್ಣು ತುಂಬುವ ಎರಡು ಬುಟ್ಟಿ ಹೊಡೆದು ಕೂರಿಸಿದರು. ಆ ಕಟಕಟೆ ಹತ್ತು ಅಡಿ ಎತ್ತರದಲ್ಲಿತ್ತು. ಆದ್ದರಿಂದ ಇವತ್ತಿಗೂ ಜಗತ್ತಿನ ಎಲ್ಲ ಕಡೆ ಬುಟ್ಟಿ ಹತ್ತು ಅಡಿ ಎತ್ತರದಲ್ಲೇ ಇದೆ. ಹದಿನೆಂಟು ಹುಡುಗರು ಆಡಿದ ಆ ಮೊದಲ ಆಟದಲ್ಲಿ ಬುಟ್ಟಿಗೆ ಬಿದ್ದದ್ದು ಒಂದೇ ಚೆಂಡು.

ಹಾಗೆಂದರೆ ಹುಟ್ಟಿದ ದಿನದಿಂದಲೂ ಈ ಆಟ ಕೇಳಿದ್ದು ಬರೀ ಬಲವನ್ನಲ್ಲ, ಹದವನ್ನು. ಹದ ಎಂದರೇನೆಂದು ಪಾಕ ಹಿಡಿಯುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಎತ್ತರದ ಮಾತಿಗೆ ಬರೋಣ. ಎತ್ತರ ಬೇಡ ಅಂದರೆ ಸುಳ್ಳಾಗುತ್ತದೆ. ಬುಟ್ಟಿ ಮೇಲಿರುವಾಗ ಉದ್ದ ಇರುವವರಿಗೆ ಅನುಕೂಲವೇ. ಆದರೆ 1987ರಲ್ಲಿ ವಾಷಿಂಗ್ಟನ್ ತಂಡದಲ್ಲಿ ಒಂದು ವಿಚಿತ್ರ ಜೋಡಿ ಇತ್ತು. ಒಬ್ಬ ಮನೂಟ್ ಬೋಲ್, ಸುಡಾನ್ ದೇಶದ ಡಿಂಕಾ ಜನಾಂಗದವನು, ಏಳು ಅಡಿ ಏಳು ಅಂಗುಲ. ಇನ್ನೊಬ್ಬ ಮಗ್ಸಿ ಬೋಗ್ಸ್, ಬಾಲ್ಟಿಮೋರ್ ನಗರದ ಹುಡುಗ, ಐದು ಅಡಿ ಮೂರು ಅಂಗುಲ. ಹೌದು, ಐದು ಅಡಿ ಮೂರು ಅಂಗುಲ! ನಮ್ಮಲ್ಲಿ ಎಷ್ಟೋ ಹೆಂಗಸರು ಅವನ ಸಮಕ್ಕೆ ನಿಲ್ಲಬಹುದು. ಅವರಿಬ್ಬರೂ ಅಕ್ಕಪಕ್ಕ ನಿಂತ ಫೋಟೋ ನೋಡಿದರೆ ತೆಂಗಿನಮರದ ಬುಡದಲ್ಲಿ ತುಳಸಿಕಟ್ಟೆ ಇಟ್ಟ ಹಾಗಿದೆ.

ಬೋಲ್ ಎತ್ತರವನ್ನು ಬಳಸಿಕೊಂಡದ್ದು ಎದುರಾಳಿಯ ಚೆಂಡನ್ನು ತಡೆಯುವುದಕ್ಕೆ. ತನ್ನ ಜೀವಮಾನದಲ್ಲಿ ಗಳಿಸಿದ ಅಂಕಗಳಿಗಿಂತ ಹೆಚ್ಚು ಎಸೆತಗಳನ್ನು ತಡೆದ ಆಟಗಾರ ಅವನು. ಬೋಗ್ಸ್‌ಗೆ ಆ ಸವಲತ್ತು ಇರಲಿಲ್ಲ. ಅವನು ನೆಲವನ್ನೇ ತನ್ನದಾಗಿಸಿಕೊಂಡ. ಚೆಂಡು ನೆಲಕ್ಕೆ ಬಡಿದು ಮೇಲೇಳುವಾಗ ದೊಡ್ಡ ಮನುಷ್ಯರ ಕೈ ಅದರ ಹತ್ತಿರ ಬರುವಷ್ಟರಲ್ಲಿ ಇವನು ಕಸಿದುಕೊಂಡು ಓಡಿರುತ್ತಿದ್ದ. ದೊಡ್ಡ ದೊಡ್ಡ ಆಳುಗಳ ನಡುವೆ ಹದಿನಾಲ್ಕು ಋತು ಬಾಳಿದ. ಗೆಳೆಯರಿಗೆ ಚೆಂಡು ಒದಗಿಸಿ ಬುಟ್ಟಿ ಹಾಕಿಸಿದ್ದು ಆರು ಸಾವಿರಕ್ಕೂ ಹೆಚ್ಚು ಸಲ. ಆದ್ದರಿಂದ ಎತ್ತರ ಎಂಬುದು ಒಂದು ದಿನಸಿ ಇದ್ದ ಹಾಗೆ. ತುಪ್ಪ ಇದ್ದ ಮಾತ್ರಕ್ಕೆ ಮೈಸೂರು ಪಾಕ್ ಆಗಿಬಿಡುವುದಿಲ್ಲ.

ಎಗರುವ ಶಕ್ತಿ? ಅದನ್ನು ನೋಡಿ ಬಾಯಿ ಬಿಡದವರಿಲ್ಲ. ಮೈಕೆಲ್ ಜೋರ್ಡನ್ ಗಾಳಿಯಲ್ಲಿ ನಿಂತೇಬಿಟ್ಟನೋ ಏನೋ ಅನ್ನಿಸುವ ಹಾಗೆ ಹಾರುತ್ತಿದ್ದ. ಅದು ಹುಟ್ಟಿನಿಂದ ಬಂದ ವರ ಎಂದು ನಾವು ಕೈ ಮುಗಿದುಬಿಡುತ್ತೇವೆ. ಆದರೆ ಅದೇ ಜೋರ್ಡನ್ ಹದಿನೈದರ ಹುಡುಗನಾಗಿದ್ದಾಗ ಹೈಸ್ಕೂಲಿನ ಮುಖ್ಯ ತಂಡಕ್ಕೆ ಆಯ್ಕೆಯಾಗಲಿಲ್ಲ. ಅವನಿಗಿಂತ ಬಹಳ ಎತ್ತರದ ಗೆಳೆಯನನ್ನು ತೆಗೆದುಕೊಂಡರು, ಇವನನ್ನು ಕಿರಿಯರ ತಂಡಕ್ಕೆ ಹಾಕಿದರು. ಒಂದು ವರ್ಷ ಬೆವರು ಸುರಿಸಿ ಮೇಲೆ ಬಂದ. ಮುಂದೆ ಶಿಕಾಗೋ ತಂಡಕ್ಕೆ ಆರು ಸಲ ಕಿರೀಟ ತಂದುಕೊಟ್ಟ. ಹದಿನೈದರಲ್ಲಿ ನೋಡಿ "ಇವನಲ್ಲಿ ಏನಿದೆ?" ಎಂದವರು ಅವನಿಗೂ ಇದ್ದರು ಎನ್ನುವುದಕ್ಕೆ ಈ ಮಾತು.

ಇನ್ನು ಎಗರಲು ಬಾರದವನ ಕಥೆ ಕೇಳಿ, ನನಗೆ ಬಹಳ ಅಚ್ಚುಮೆಚ್ಚಿನ ಕಥೆ ಇದು. ಸರ್ಬಿಯಾ ದೇಶದ ಸೊಂಬೋರ್ ಊರಿನ ನಿಕೊಲಾ ಯೊಕಿಚ್. ಹುಡುಗನಾಗಿದ್ದಾಗ ದಪ್ಪಗೆ, ಗುಂಡಗೆ ಇದ್ದ. ಓಡುವುದನ್ನು ನೋಡಿದರೆ ಮದುವೆ ಊಟ ಮುಗಿಸಿ ಬಸ್ಸು ಹಿಡಿಯಲು ಹೊರಟ ಬೀಗರ ಹಾಗೆ ಕಾಣುತ್ತದೆ. ನೆಲ ಬಿಟ್ಟು ಮೇಲೇಳುವುದು ಅಪರೂಪ. 2014ರಲ್ಲಿ ಅಮೆರಿಕದ ತಂಡಗಳು ಹೊಸ ಹುಡುಗರನ್ನು ಆರಿಸಿಕೊಂಡಾಗ ನಲವತ್ತು ಜನರನ್ನು ಕರೆದಾದ ಮೇಲೆ ನಲವತ್ತೊಂದನೆಯವನಾಗಿ ಇವನ ಹೆಸರು ಬಂತು. ಆಗ ಟೆಲಿವಿಷನ್ನಿನಲ್ಲಿ ತಿಂಡಿಯ ಜಾಹೀರಾತು ಓಡುತ್ತಿತ್ತು! ಅಂಥವನು 2021, 2022, 2024ರಲ್ಲಿ ವರ್ಷದ ಅತ್ಯಂತ ಮೌಲ್ಯದ ಆಟಗಾರನಾದ. 2023ರಲ್ಲಿ ಡೆನ್ವರ್ ತಂಡಕ್ಕೆ ಮೊದಲ ಸಲ ಪ್ರಶಸ್ತಿ ಗೆದ್ದುಕೊಟ್ಟ.

ಇವನ ಪ್ರತಿಭೆ ಎಲ್ಲಿದೆ? ಕಣ್ಣಿನಲ್ಲಿ. ನಮ್ಮ ಕಡೆ ಮದುವೆ ಮನೆಯಲ್ಲಿ ಪಂಕ್ತಿಯ ತುದಿಯಲ್ಲಿ ನಿಂತು ಬಡಿಸುವವರನ್ನು ನಡೆಸುವ ಹಿರಿಯರೊಬ್ಬರು ಇರುತ್ತಾರೆ, ನೋಡಿದ್ದೀರಲ್ಲ? ಅವರು ಓಡಾಡುವುದಿಲ್ಲ. ನಿಂತಲ್ಲಿಂದಲೇ ಯಾವ ಎಲೆಗೆ ಪಲ್ಯ ಮುಗಿಯಿತು, ಯಾರಿಗೆ ಸಾರು ಬೇಕು, ಇನ್ನೆರಡು ನಿಮಿಷಕ್ಕೆ ಹೋಳಿಗೆ ಎಲ್ಲಿಂದ ಹೊರಡಬೇಕು, ಎಲ್ಲ ಅವರಿಗೆ ಗೊತ್ತು. ಯೊಕಿಚ್ ಅಂಥವನು. ಗೆಳೆಯ ಬುಟ್ಟಿಯ ಕೆಳಗೆ ಬಂದು ಸೇರುವ ಮುಂಚೆಯೇ ಚೆಂಡು ಅಲ್ಲಿಗೆ ಹೊರಟಿರುತ್ತದೆ. ಹೆಗಲ ಮೇಲಿಂದ, ಬೆನ್ನ ಹಿಂದಿನಿಂದ, ಒಂದೇ ಕೈಯಲ್ಲಿ. ಎದುರಾಳಿಗಳು ಎಗರಿ ಎಗರಿ ಸುಸ್ತಾಗುತ್ತಾರೆ. ಚೆಂಡು ಮಾತ್ರ ಅವರು ಇಲ್ಲದ ಕಡೆ ಹೋಗಿರುತ್ತದೆ.

ಕಣ್ಣಾಯಿತು, ಇನ್ನು ಕೈ. ಸ್ಟೀಫನ್ ಕರಿ ಎಂಬ ಆಟಗಾರನ ಹೆಸರು ನಿಮ್ಮ ಮನೆಯ ಹುಡುಗರು ಹೇಳಿರಬಹುದು. ಆರು ಅಡಿ ಎರಡು ಅಂಗುಲ, ಸಣಕಲು ಮೈ. ಇವನ ತಂದೆಯೂ ದೊಡ್ಡ ಆಟಗಾರರೇ. ಆದರೂ ಇವನನ್ನು ದೊಡ್ಡ ಕಾಲೇಜುಗಳು ಕೇಳಿಕೊಂಡು ಬರಲಿಲ್ಲ. ಡೇವಿಡ್‌ಸನ್ ಎಂಬ ಸಣ್ಣ ಕಾಲೇಜಿನಲ್ಲಿ ಆಡಿ ಬೆಳೆದ. ಹೈಸ್ಕೂಲಿನಲ್ಲಿದ್ದಾಗ ಇವನು ಚೆಂಡನ್ನು ಸೊಂಟದ ಹತ್ತಿರದಿಂದ ಎತ್ತಿ ಎಸೆಯುತ್ತಿದ್ದನಂತೆ. ಹಾಗೆ ಎಸೆದರೆ ಎತ್ತರದವರು ಸುಲಭವಾಗಿ ತಡೆಯುತ್ತಾರೆ ಎಂದು ತಂದೆ ಆ ರೂಢಿಯನ್ನೇ ಬಿಡಿಸಿ, ತಲೆಯ ಮೇಲಿನಿಂದ ಎಸೆಯಲು ಕಲಿಸಿದರು. ಒಂದು ಬೇಸಿಗೆ ರಜೆ ಪೂರ್ತಿ ಹುಡುಗನಿಗೆ ಒಂದು ಚೆಂಡೂ ಸರಿಯಾಗಿ ಬೀಳಲಿಲ್ಲ, ಅತ್ತ. ಹಳೆಯ ಕೈ ಮರೆತು ಹೊಸ ಕೈ ಬರುವ ತನಕ ಬಿಡಲಿಲ್ಲ. ಆ ಕೈಯಿಂದಲೇ 2015–16ರ ಒಂದೇ ಋತುವಿನಲ್ಲಿ ದೂರದ ಗೆರೆಯಾಚೆಯಿಂದ 402 ಬುಟ್ಟಿ ಹಾಕಿದ. 2025ರ ಮಾರ್ಚಿನಲ್ಲಿ ಅಂಥ ನಾಲ್ಕು ಸಾವಿರ ಬುಟ್ಟಿ ಪೂರೈಸಿದ ಮೊದಲ ಆಟಗಾರನಾದ.

ಇದರೊಳಗಿನ ಲೆಕ್ಕ ಚೆನ್ನಾಗಿದೆ. ಬುಟ್ಟಿಯ ಬಳೆ ಹದಿನೆಂಟು ಅಂಗುಲ ಅಗಲ. ಚೆಂಡು ಒಂಬತ್ತೂವರೆ ಅಂಗುಲಕ್ಕಿಂತ ಸ್ವಲ್ಪ ಕಡಿಮೆ. ಅಂದರೆ ಬಳೆಯ ಬಾಯಲ್ಲಿ ಹೆಚ್ಚುಕಡಿಮೆ ಎರಡು ಚೆಂಡಿನ ಜಾಗ ಇದೆ. ಆದರೆ ಚೆಂಡು ನೇರವಾಗಿ, ತಗ್ಗಿನಲ್ಲಿ ಹೋದರೆ ಆ ಬಾಯಿ ಅದಕ್ಕೆ ಸೀಳಿದಷ್ಟೇ ಕಾಣುತ್ತದೆ. ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಗೊತ್ತಾಗುತ್ತದೆ. ಚೆಂಡು ಕಮಾನಿನ ಹಾಗೆ ಮೇಲೆ ಹೋಗಿ ಇಳಿದರೆ ಬಾಯಿ ಪೂರ್ತಿ ತೆರೆದುಕೊಳ್ಳುತ್ತದೆ. ಕೊನೆಯಲ್ಲಿ ಮಣಿಕಟ್ಟು ಬಾಗಿಸಿ ಬೆರಳ ತುದಿಯಿಂದ ಬಿಟ್ಟರೆ ಚೆಂಡು ಹಿಮ್ಮುಖವಾಗಿ ತಿರುಗುತ್ತಾ ಹೋಗುತ್ತದೆ. ಹಾಗೆ ತಿರುಗುವ ಚೆಂಡು ಬಳೆಗೆ ತಾಗಿದರೂ ದೂರ ಪುಟಿಯದೆ ಮೆತ್ತಗೆ ಒಳಗೆ ಜಾರುತ್ತದೆ. ರಂಗೋಲಿ ಎಳೆ ಬಿಡುವಾಗ ಬೆರಳು ಹೇಗೆ ಕೆಲಸ ಮಾಡುತ್ತದೋ ಹಾಗೆ. ದಿನಾ ಹಾಕಿದರೆ ಮಾತ್ರ ಎಳೆ ಒಂದೇ ಸಮ ಬರುವುದು.

ಈಗ ನಾನು ಹೇಳಲೇಬೇಕಾದ ಒಂದು ಸಂಗತಿ ಇದೆ. ಪ್ರತಿಭೆಯನ್ನು ತಿನ್ನುವ ಹುಳ ಯಾವುದು ಎಂದು ಕೇಳಿದರೆ ನಾನು ನಾಚಿಕೆ ಅನ್ನುತ್ತೇನೆ. ವಿಲ್ಟ್ ಚೇಂಬರ್ಲೇನ್ ಏಳು ಅಡಿ ಒಂದು ಅಂಗುಲದ ಭೀಮಸೇನ. ಅವನಿಗಿದ್ದ ಒಂದೇ ಕೊರತೆ ಫ್ರೀ ಥ್ರೋ. ಅಂದರೆ ಎದುರಾಳಿ ತಪ್ಪು ಮಾಡಿದಾಗ ಯಾರ ಅಡ್ಡಿಯೂ ಇಲ್ಲದೆ ನಿಂತು ಎಸೆಯುವ ಎಸೆತ. ನೂರಕ್ಕೆ ಐವತ್ತೊಂದರ ಆಸುಪಾಸು ಅವನ ಜೀವಮಾನದ ಲೆಕ್ಕ. ಒಂದು ಋತುವಿನಲ್ಲಿ ಅವನು ಬೇರೆ ರೀತಿ ಎಸೆದು ನೋಡಿದ. ಎರಡೂ ಕೈಯಲ್ಲಿ ಚೆಂಡು ಹಿಡಿದು, ಮೊಣಕಾಲಿನ ನಡುವಿನಿಂದ ತೂಗಿ ಮೇಲಕ್ಕೆ ಬಿಡುವುದು. ಬಾವಿಯಿಂದ ನೀರು ಸೇದಿ ಕೊಡ ಎತ್ತುವ ಹಾಗೆ. ಅದಕ್ಕೆ ಅಲ್ಲಿಯವರು ಇಟ್ಟ ಹೆಸರು "ಅಜ್ಜಿ ಎಸೆತ". ಆ ಋತುವಿನಲ್ಲೇ, 1962ರ ಮಾರ್ಚ್ 2ರಂದು ಹರ್ಷಿ ಎಂಬ ಊರಿನಲ್ಲಿ ಒಂದೇ ಆಟಕ್ಕೆ ನೂರು ಅಂಕ ಗಳಿಸಿದ. ಅಂದು 32 ಫ್ರೀ ಥ್ರೋಗಳಲ್ಲಿ 28 ಬುಟ್ಟಿಗೆ ಬಿದ್ದವು!

ಆಮೇಲೆ? ಆಮೇಲೆ ಅವನು ಆ ಎಸೆತವನ್ನು ಬಿಟ್ಟುಬಿಟ್ಟ. ಹೆಣ್ಣಿಗನ ಹಾಗೆ ಕಾಣುತ್ತೇನೆ ಎಂಬ ಸಂಕೋಚದಿಂದ ಬಿಟ್ಟೆ, ಅದು ತಪ್ಪೆಂದು ಗೊತ್ತಿದ್ದೂ ಬಿಟ್ಟೆ ಎಂದು ತನ್ನ ಆತ್ಮಕಥೆಯಲ್ಲಿ ತಾನೇ ಬರೆದುಕೊಂಡಿದ್ದಾನೆ. ಅವನ ಕಾಲಕ್ಕೇ ಆಡುತ್ತಿದ್ದ ರಿಕ್ ಬ್ಯಾರಿ ಮಾತ್ರ ಯಾರ ನಗೆಗೂ ಸೊಪ್ಪು ಹಾಕದೆ ಅಜ್ಜಿ ಎಸೆತವನ್ನೇ ಎಸೆದ. 1978–79ರ ಋತುವಿನಲ್ಲಿ 169 ಎಸೆತಗಳಲ್ಲಿ ಅವನು ತಪ್ಪಿದ್ದು ಒಂಬತ್ತೇ ಒಂಬತ್ತು. ನೋಡಿ, ನಾಲ್ಕು ಜನ ಏನಂತಾರೋ ಎಂಬ ಭಯ ಏಳು ಅಡಿಯ ಗಂಡಸನ್ನೂ ಬಗ್ಗಿಸುತ್ತದೆ. ಇನ್ನು ಒಂಬತ್ತನೇ ತರಗತಿಯ ಹುಡುಗಿ ಬೆನ್ನು ಬಗ್ಗಿಸಿದರೆ ಆಶ್ಚರ್ಯವೇನು?

ಹೆಣ್ಣುಮಕ್ಕಳ ಮಾತಿಗೆ ಬಂದೆವಲ್ಲ. ನೈಸ್ಮಿತ್ ಆಟ ಹುಟ್ಟಿಸಿದ ಮರುವರ್ಷವೇ, 1892ರಲ್ಲಿ, ಸೆಂಡಾ ಬೆರೆನ್ಸನ್ ಎಂಬ ಅಧ್ಯಾಪಕಿ ಸ್ಮಿತ್ ಕಾಲೇಜಿನ ಹುಡುಗಿಯರಿಗೆ ಇದನ್ನು ಕಲಿಸಿದರು. 1893ರಲ್ಲಿ ನಡೆದ ಪಂದ್ಯ ನೋಡಲು ಗಂಡಸರಿಗೆ ಪ್ರವೇಶ ಇರಲಿಲ್ಲ! ಹುಡುಗಿಯರಿಗೆ ದಣಿವಾದೀತು, ನಾಜೂಕು ಕೆಟ್ಟೀತು ಎಂಬ ಅಂದಿನ ಕಾಲದ ಭಯಕ್ಕೆ ತಕ್ಕಂತೆ ಅಂಕಣವನ್ನು ಮೂರು ಭಾಗ ಮಾಡಿದರು. ಒಂದು ಭಾಗದವಳು ಇನ್ನೊಂದು ಭಾಗಕ್ಕೆ ಕಾಲಿಡುವ ಹಾಗಿಲ್ಲ. ಆಟದೊಳಗೂ ಒಂದು ಲಕ್ಷ್ಮಣರೇಖೆ! ಆ ರೇಖೆ ಬೇರೆ ಬೇರೆ ರೂಪದಲ್ಲಿ ಎಷ್ಟು ಕಾಲ ಉಳಿಯಿತು ಗೊತ್ತೇ? ಅಯೋವಾ ರಾಜ್ಯದ ಹೈಸ್ಕೂಲುಗಳಲ್ಲಿ 1993ರ ತನಕ. ತಂಡದ ಆರು ಹುಡುಗಿಯರಲ್ಲಿ ಮೂವರು ಅಂಕಣದ ಈ ಅರ್ಧದಲ್ಲಿ, ಮೂವರು ಆ ಅರ್ಧದಲ್ಲಿ. ನಡುಗೆರೆ ದಾಟುವಂತಿಲ್ಲ.

ಅದೇ ಅಯೋವಾದ ಹುಡುಗಿ ಕೇಟ್ಲಿನ್ ಕ್ಲಾರ್ಕ್. 2024ರ ಮಾರ್ಚ್ 3ರಂದು ಅಮೆರಿಕದ ಕಾಲೇಜು ಆಟದಲ್ಲಿ ಪೀಟ್ ಮಾರವಿಚ್ ಎಂಬ ಆಟಗಾರ ಬಿಟ್ಟುಹೋಗಿದ್ದ 3,667 ಅಂಕಗಳ ದಾಖಲೆಯನ್ನು ದಾಟಿದಳು. ನಡುಗೆರೆಯ ಹತ್ತಿರದಿಂದಲೇ ಚೆಂಡು ಎಸೆಯುವುದು ಅವಳ ವಿಶೇಷ! ಆ ವರ್ಷದ ಹುಡುಗಿಯರ ಕಾಲೇಜು ಫೈನಲ್‌ನಲ್ಲಿ ಅವಳ ತಂಡ ದಕ್ಷಿಣ ಕೆರೊಲಿನಾ ತಂಡಕ್ಕೆ ಸೋತಿತು. ಆದರೆ ಅದನ್ನು ಟೆಲಿವಿಷನ್ನಿನಲ್ಲಿ ನೋಡಿದವರು 1 ಕೋಟಿ 80 ಲಕ್ಷಕ್ಕೂ ಹೆಚ್ಚು ಜನ. ಹುಡುಗರ ಫೈನಲ್ ನೋಡಿದವರಿಗಿಂತ ಹೆಚ್ಚು. ಗೆರೆ ಅಳಿಸಿದ ಮೂವತ್ತು ವರ್ಷಕ್ಕೆ ಇಷ್ಟು.

ಈಗ ನನ್ನ ಮನಸ್ಸಿಗೆ ತೀರ ಹತ್ತಿರದವಳ ವಿಷಯ. ಲೂಸಿಯಾ ಹ್ಯಾರಿಸ್. ಮಿಸಿಸಿಪಿ ರಾಜ್ಯದ ಮಿಂಟರ್ ಸಿಟಿ ಎಂಬ ಸಣ್ಣ ಊರಿನ ಕರಿಯ ರೈತ ಕುಟುಂಬದ ಹನ್ನೊಂದು ಮಕ್ಕಳಲ್ಲಿ ಹತ್ತನೆಯವಳು. ಬೆಳೆದು ಆರು ಅಡಿ ಮೂರು ಅಂಗುಲವಾದಳು. ಶಾಲೆಯಲ್ಲಿ ಮಕ್ಕಳು ಅವಳನ್ನು ಛೇಡಿಸುತ್ತಿದ್ದುದೂ ಅದೇ ಮಾತಿನಿಂದ, "ಉದ್ದ ಇದ್ದಾಳೆ, ಅಷ್ಟೇ" ಅಂತ. ಹಾಸನದ ಪತ್ರದಲ್ಲಿರುವುದೂ ಅದೇ ಮಾತಲ್ಲವೇ? ಡೆಲ್ಟಾ ಸ್ಟೇಟ್ ಎಂಬ ಕಾಲೇಜಿಗೆ ಸೇರಿ 1975, 1976, 1977 ಹೀಗೆ ಮೂರು ವರ್ಷ ಸತತವಾಗಿ ತಂಡವನ್ನು ರಾಷ್ಟ್ರಕ್ಕೇ ಮೊದಲು ಮಾಡಿದಳು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಮೊದಲ ಬಾರಿ ಸೇರಿತು. ಗಂಡಸರದು 1936ರಲ್ಲೇ ಸೇರಿತ್ತು, ಹೆಂಗಸರು ನಲವತ್ತು ವರ್ಷ ಕಾದರು! ಆ ಒಲಿಂಪಿಕ್ಸಿನಲ್ಲಿ ಮೊಟ್ಟಮೊದಲ ಬುಟ್ಟಿ ಹಾಕಿದವಳು ಈ ಲೂಸಿಯಾ. ಅವಳ ತಂಡ ಬೆಳ್ಳಿ ಪದಕ ತಂದಿತು.

1977ರಲ್ಲಿ ನ್ಯೂ ಆರ್ಲಿಯನ್ಸಿನ ಗಂಡಸರ ತಂಡ ಅವಳನ್ನು ಅಧಿಕೃತವಾಗಿ ಆರಿಸಿತು. ಗಂಡಸರ ಆ ಲೀಗಿಗೆ ಹಾಗೆ ಆಯ್ಕೆಯಾದ ಹೆಂಗಸು ಅವಳೊಬ್ಬಳೇ. ಲೂಸಿಯಾ ಒಪ್ಪಲಿಲ್ಲ. ಆಗ ಬಸುರಿಯಾಗಿದ್ದಳು ಬೇರೆ. ಗಂಡಸರ ಜೊತೆ ಆಡುವ ಮನಸ್ಸಿಲ್ಲ ಅಂದರೆ ಹೆಂಗಸರಿಗೇ ಒಂದು ಒಳ್ಳೆಯ ಲೀಗ್ ಇತ್ತೇ? ಆಗ ಇರಲಿಲ್ಲ. ಸ್ವಲ್ಪ ದಿನದಲ್ಲಿ ಹುಟ್ಟಿಕೊಂಡದ್ದು ಮೂರೇ ವರ್ಷಕ್ಕೆ ಮುಚ್ಚಿತು. ಈಗಿರುವ ಮಹಿಳಾ ಲೀಗ್ ಶುರುವಾದದ್ದು 1997ರಲ್ಲಿ. ಅಷ್ಟು ಹೊತ್ತಿಗೆ ಲೂಸಿಯಾ ಮೇಡಮ್ಮು ಶಾಲೆಯಲ್ಲಿ ಪಾಠ ಹೇಳುತ್ತಾ, ಮಕ್ಕಳಿಗೆ ಆಟ ಕಲಿಸುತ್ತಾ, ಮನಸ್ಸಿನ ಕಾಯಿಲೆಯೊಂದಿಗೆ ಗುದ್ದಾಡುತ್ತಾ, ನಾಲ್ಕು ಮಕ್ಕಳನ್ನು ಬೆಳೆಸುತ್ತಾ ಆಟದ ವಯಸ್ಸು ದಾಟಿದ್ದರು. 2022ರ ಜನವರಿಯಲ್ಲಿ ತೀರಿಕೊಂಡರು. ಅವರ ಮೇಲೆ ತೆಗೆದ ಕಿರುಚಿತ್ರಕ್ಕೆ ಎರಡು ತಿಂಗಳ ನಂತರ ಆಸ್ಕರ್ ಬಂತು. ನೋಡಲು ಅವರಿರಲಿಲ್ಲ.

ಕಣ್ಣು, ಕೈ, ಕಾಲು, ಎತ್ತರ, ಛಲ ಎಲ್ಲ ಇದ್ದವಳಿಗೂ ಕೊರತೆ ಬಿದ್ದದ್ದು ಏನು? ಆಡಲು ಒಂದು ಜಾಗ. ಬೀಜ ಎಷ್ಟು ಒಳ್ಳೆಯದಿದ್ದರೂ ಮಣ್ಣು ಬೇಕು, ತಾಯಿ. ನಿಮ್ಮ ಮಗಳಿಗೆ ಆ ಮಣ್ಣು ಈಗ ಇದೆ, ಶಾಲೆಯ ಅಂಕಣ ಇದೆ, ತಂಡ ಇದೆ. ಅದನ್ನು ಮನೆಯವರೇ ತೆಗೆದುಬಿಟ್ಟರೆ ಅವಳಲ್ಲಿ ಏನಿತ್ತು ಎಂದು ಯಾರಿಗೂ, ಅವಳಿಗೂ, ಎಂದೂ ಗೊತ್ತಾಗುವುದಿಲ್ಲ.

ಇದೆಲ್ಲ ಅಮೆರಿಕದ ಮಾತು, ನಮ್ಮಲ್ಲಿ ಎಲ್ಲಿ ಅನ್ನಬೇಡಿ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲೇ ಏಷ್ಯಾ ಮಹಿಳಾ ಪಂದ್ಯಾವಳಿ ನಡೆಯಿತು. ಎರಡನೇ ದರ್ಜೆಯ ಫೈನಲ್‌ನಲ್ಲಿ ನಮ್ಮ ಹುಡುಗಿಯರು ಕಜಾಕಸ್ತಾನವನ್ನು 75–73ರಿಂದ ಸೋಲಿಸಿ ಮೇಲಿನ ದರ್ಜೆಗೆ ಏರಿದರು. ಬರೀ ಎರಡು ಅಂಕ! ಕೇರಳದ ಗೀತು ಅನ್ನಾ ಜೋಸ್, ಆರು ಅಡಿ ಎರಡು ಅಂಗುಲ, ಆಸ್ಟ್ರೇಲಿಯಾದ ತಂಡಕ್ಕೆ ಆಡಿ ಬಂದವರು. 2011ರಲ್ಲಿ ಅಮೆರಿಕದ ಮಹಿಳಾ ಲೀಗಿನ ತಂಡಗಳೇ ಆಯ್ಕೆ ಪರೀಕ್ಷೆಗೆ ಅವರನ್ನು ಕರೆಸಿಕೊಂಡವು. ಚೆನ್ನೈಯ ಅನಿತಾ ಪಾಲ್‌ದುರೈ ಹತ್ತೊಂಬತ್ತನೇ ವಯಸ್ಸಿಗೆ ಭಾರತ ತಂಡದ ನಾಯಕಿಯಾದವರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇವರ ಮನೆಗಳಲ್ಲೂ ಅಜ್ಜಿಯರಿದ್ದಿರಬೇಕು, ಅಲ್ಲವೇ?

ಎಲ್ಲ ಹುಡುಗಿಯರೂ ಪದ್ಮಶ್ರೀ ತರುವುದಿಲ್ಲ, ನಿಜ. ನಿಮ್ಮ ಮಗಳು ಜಿಲ್ಲೆಯ ಮಟ್ಟದಲ್ಲೇ ನಿಲ್ಲಬಹುದು. ನಿಂತರೂ ಬೆನ್ನು ನೇರ ಮಾಡಿ ನಿಂತಿರುತ್ತಾಳಲ್ಲ! ಬಗ್ಗಿ ನಡೆದು ಅವಳು ಗಿಡ್ಡಾಗುವುದಿಲ್ಲ, ಬೆನ್ನು ನೋವು ಬರುತ್ತದೆ ಅಷ್ಟೆ. ಅಜ್ಜಿಗೆ ಸಮಾಧಾನವಾಗಿ ಹೇಳಿ: ಎಗರುವುದರಿಂದ ಉದ್ದ ಬೆಳೆಯುವುದಿಲ್ಲ. ಎತ್ತರ ಬಹುಪಾಲು ಅಪ್ಪ ಅಮ್ಮನ ಕಡೆಯಿಂದ ಬಂದದ್ದು, ಆಟ ಬಿಡಿಸಿದರೂ ಬೆಳೆಯುವಷ್ಟು ಬೆಳೆದೇ ಬೆಳೆಯುತ್ತಾಳೆ. ತಂದೆಯವರಿಗೆ ಹೇಳಿ: ಎಸ್ಸೆಸ್ಸೆಲ್ಸಿಗೆ ದಿನಕ್ಕೆ ಒಂದು ಗಂಟೆಯ ಆಟ ಶತ್ರುವಲ್ಲ. ಪರೀಕ್ಷೆಯ ತಿಂಗಳು ಪಂದ್ಯಕ್ಕೆ ಹೋಗುವುದು ಬೇಡ, ಸಂಜೆಯ ಅಭ್ಯಾಸ ಇರಲಿ ಎಂದು ಒಪ್ಪಂದ ಮಾಡಿಕೊಳ್ಳಿ. ಮಗಳಿಂದಲೂ ಮಾತು ತೆಗೆದುಕೊಳ್ಳಿ, ಓದು ಹಿಂದೆ ಬೀಳಕೂಡದು ಅಂತ.

ಆಡುವ ಹೆಣ್ಣುಮಕ್ಕಳ ತಾಯಂದಿರಿಗೆ ಇನ್ನು ನಾಲ್ಕು ಮಾತು. ಈ ಆಟದಲ್ಲಿ ಮೊಣಕಾಲಿನ ಒಳಗಿನ ಕಟ್ಟು ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಎಗರಿ ಇಳಿಯುವಾಗ ಎರಡೂ ಕಾಲಿನ ಮೇಲೆ, ಮೊಣಕಾಲು ಬಗ್ಗಿಸಿ ಮೆತ್ತಗೆ ಇಳಿಯಬೇಕು, ಮೊಣಕಾಲು ಒಳಕ್ಕೆ ವಾಲಬಾರದು. ಇದನ್ನು ಆಟದ ಮೇಷ್ಟ್ರು ಕಲಿಸುತ್ತಾರೋ ಇಲ್ಲವೋ ಕೇಳಿ. ಪಾದದ ಗಿಣ್ಣು ಉಳುಕಿದರೆ ಕೂಡಲೇ ಬಿಸಿ ಎಣ್ಣೆ ಹಾಕಿ ತಿಕ್ಕಬೇಡಿ. ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು, ಕಾಲು ಎತ್ತರದಲ್ಲಿಟ್ಟು ಮಲಗಿಸಿ. ಊತ ಹೆಚ್ಚಾದರೆ, ಕಾಲೂರಲು ಆಗದಿದ್ದರೆ ಡಾಕ್ಟರಿಗೆ ತೋರಿಸಿ. ಮುಟ್ಟಿನ ದಿನಗಳಲ್ಲಿ ಅವಳಿಗೆ ಆಗುತ್ತದೆ ಅನ್ನಿಸಿದರೆ ಆಡಬಹುದು, ಅದರಿಂದ ಯಾವ ಕೇಡೂ ಇಲ್ಲ. ಬೇಗ ಸುಸ್ತಾಗುತ್ತಾಳೆ, ಮುಖ ಬಿಳಿಚಿಕೊಂಡಿದೆ ಅನ್ನಿಸಿದರೆ ಆಟವನ್ನು ಬೈಯುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ನಮ್ಮ ಹುಡುಗಿಯರಲ್ಲಿ ರಕ್ತಹೀನತೆ ಬಹಳ.

ಅಭ್ಯಾಸ ಮುಗಿಸಿ ಹಸಿದು ಬರುವವಳಿಗೆ ಈ ಉಂಡೆ ಮಾಡಿಡಿ. ಕಡಲೆಕಾಯಿ ಬೀಜ ಒಂದು ಪಾವು ಹದವಾಗಿ ಹುರಿದು ಸಿಪ್ಪೆ ಹಾರಿಸಿ. ಎಳ್ಳು ಕಾಲು ಪಾವು ಚಟಪಟ ಅನ್ನುವ ತನಕ ಹುರಿಯಿರಿ. ಎರಡನ್ನೂ ಆರಿದ ಮೇಲೆ ತರಿತರಿಯಾಗಿ ಪುಡಿ ಮಾಡಿ, ಮುಕ್ಕಾಲು ಪಾವು ಪುಡಿಬೆಲ್ಲ, ಎರಡು ಏಲಕ್ಕಿ ಹಾಕಿ ಮಿಕ್ಸಿಯಲ್ಲಿ ಇನ್ನೊಂದು ಸುತ್ತು ತಿರುಗಿಸಿ. ಬೀಜದ ಜಿಡ್ಡಿಗೇ ಉಂಡೆ ಕಟ್ಟಲು ಬರುತ್ತದೆ, ತುಪ್ಪ ಬೇಕಿಲ್ಲ. ದಿನಕ್ಕೆ ಎರಡು ಉಂಡೆ, ಒಂದು ಲೋಟ ಹಾಲು ಸಾಕು.

ಹಾಸನದ ತಾಯಿಗೆ ಒಂದು ಕೋರಿಕೆ. ಮುಂದಿನ ಪಂದ್ಯ ಇದ್ದಾಗ ಮನೆಯವರನ್ನೂ ಅಜ್ಜಿಯನ್ನೂ ಕರೆದುಕೊಂಡು ಹೋಗಿ ಅಂಕಣದ ಪಕ್ಕ ಕೂರಿಸಿ. ಅವಳು ಎಷ್ಟು ಬುಟ್ಟಿ ಹಾಕಿದಳು ಎಂದು ಎಣಿಸಬೇಡಿ. ಚೆಂಡು ಕೈಗೆ ಬಂದ ಕೂಡಲೇ ಅವಳ ಕಣ್ಣು ಯಾರನ್ನು ಹುಡುಕುತ್ತದೆ, ಬಿದ್ದ ಮೇಲೆ ಎಷ್ಟು ಬೇಗ ಏಳುತ್ತಾಳೆ, ಸೋಲುತ್ತಿರುವಾಗ ಗೆಳತಿಯ ಬೆನ್ನು ತಟ್ಟುತ್ತಾಳೋ ಇಲ್ಲವೋ, ಅಷ್ಟು ನೋಡಲಿ. "ಎತ್ತರ ಬಿಟ್ಟರೆ ಏನಿದೆ" ಎಂಬ ಪ್ರಶ್ನೆಗೆ ಉತ್ತರವನ್ನು ಅವಳೇ ಕೊಡುತ್ತಾಳೆ. ಏನು ಕಂಡಿತೆಂದು ನಮಗೂ ಬರೆಯಿರಿ, ಕಾಯುತ್ತಿರುತ್ತೇನೆ.